ನಾಲ್ಕು ಮಂಚ, ಒಂದೇ ಸ್ವಿಚ್ಚು

ಕಾಲೇಜು ಶುರುವಾಗುವ ಹೊತ್ತಿಗೆ ದಾವಣಗೆರೆಯ ಹಾಸ್ಟೆಲ್ಲುಗಳಲ್ಲಿ ಮೊದಲ ತಕರಾರು ಏಳುವುದು ಮೆಸ್ಸಿನಲ್ಲಿ. ಊರು ಕೂತಿರುವ ಜಾಗವೇ ಅಂಥದ್ದು. ಹರಪನಹಳ್ಳಿ, ರಾಣೆಬೆನ್ನೂರು ಕಡೆಯಿಂದ ಬಂದವರಿಗೆ ಜೋಳದ ರೊಟ್ಟಿ ಇಲ್ಲದಿದ್ದರೆ ಉಂಡಂತಾಗುವುದಿಲ್ಲ. ಹಿರಿಯೂರು, ಚಿತ್ರದುರ್ಗದ ಹುಡುಗರಿಗೆ ಮುದ್ದೆ ಬೇಕು. ಭದ್ರಾ ನಾಲೆಯ ನೀರು ಕಂಡ ಹರಿಹರ, ಹೊನ್ನಾಳಿ, ಚನ್ನಗಿರಿಯವರು ಅನ್ನದ ಮಂದಿ. ಜೆಜೆಎಂ ಮೆಡಿಕಲ್ ಕಾಲೇಜಿಗೆಂದು ಉತ್ತರ ಭಾರತದಿಂದ ಬಂದವರು ಚಪಾತಿ ಎಲ್ಲಿ ಎಂದು ಹುಡುಕುತ್ತಾರೆ. ಅಡುಗೆಯವರು ಇವರೆಲ್ಲರ ನಡುವೆ ಒಂದು ದಾರಿ ಹುಡುಕಿ ಬೆಳಿಗ್ಗೆ ಉಪ್ಪಿಟ್ಟು ಮಾಡುತ್ತಾರೆ. ಅದನ್ನು ಬೈಯುವುದರಲ್ಲಿ ಮಾತ್ರ ಎಲ್ಲ ಜಿಲ್ಲೆಗಳೂ ಒಂದಾಗುತ್ತವೆ.

ಊಟದ ಜಗಳ ಹೇಗೂ ಬಗೆಹರಿಯುತ್ತದೆ. ಸಂಜೆ ರಾಮ್ ಅಂಡ್ ಕೋ ಸರ್ಕಲ್ಲಿಗೆ ನಡೆದರೆ ಮಂಡಕ್ಕಿ, ಮಿರ್ಚಿ ಇದೆ. ಕೈಯಲ್ಲಿ ದುಡ್ಡಿದ್ದರೆ ಬೆಣ್ಣೆದೋಸೆ. ಊರಿನಿಂದ ಬಂದ ಶೇಂಗಾ ಚಟ್ನಿಪುಡಿಯ ಡಬ್ಬಿ ತೆರೆದರೆ ಅಪರಿಚಿತರೂ ಗೆಳೆಯರಾಗುತ್ತಾರೆ, ಡಬ್ಬಿ ಖಾಲಿಯಾಗುವವರೆಗಾದರೂ. ಬಗೆಹರಿಯದ ಜಗಳಗಳು ರೂಮಿನೊಳಗಿವೆ. ರಾತ್ರಿ ಒಂದು ಗಂಟೆಯವರೆಗೆ ದೀಪ ಉರಿಸಿಕೊಂಡು ಓದುವವಳು ಒಬ್ಬಳು, ಐದಕ್ಕೆ ಅಲಾರಾಂ ಇಟ್ಟು ತಾನು ಮಾತ್ರ ಏಳದವಳು ಇನ್ನೊಬ್ಬಳು. ನಾಲ್ಕು ಫೋನಿಗೆ ಒಂದೇ ಪ್ಲಗ್ ಪಾಯಿಂಟು. ಬೇಸಿಗೆಯಲ್ಲಿ ಫ್ಯಾನು ಯಾರ ಮಂಚದ ಮೇಲೆ ತಿರುಗುತ್ತದೆ ಎಂಬುದಂತೂ ಆಸ್ತಿ ಪಾಲಿನಷ್ಟೇ ಗಂಭೀರ ವಿಷಯ.

ಇದಕ್ಕೆಲ್ಲ ಮನೆಯವರು ಕೊಟ್ಟು ಕಳಿಸುವ ಮದ್ದು ಒಂದೇ. ಟ್ರಂಕು ಬಸ್ಸಿನ ಮೇಲೇರಿಸಿ, ಕಿಟಕಿಯ ಬಳಿ ನಿಂತು ಹೇಳುವ ಮಾತು: "ಎಲ್ಲಾರ ಜೊತಿಗೆ ಹೊಂದ್ಕೊಂಡು ಹೋಗವ್ವಾ." ಮದುವೆಯಾಗಿ ಹೊರಟ ಮಗಳಿಗೆ ಹೇಳುವುದೂ ಇದನ್ನೇ. ಕೇಳಲು ಒಳ್ಳೆಯ ಮಾತು. ಆದರೆ ಹಾಸ್ಟೆಲ್ಲಿನಲ್ಲಿ ಇದರಷ್ಟು ಕೆಡುಕು ಮಾಡುವ ಬುದ್ಧಿಮಾತು ಬೇರೆ ಇಲ್ಲ ಎಂಬುದು ನನ್ನ ಅಭಿಪ್ರಾಯ. ಹೊಂದಿಕೊಳ್ಳುವುದೆಂದರೆ ನುಂಗಿಕೊಳ್ಳುವುದು ಎಂದೇ ಮಕ್ಕಳು ತಿಳಿಯುತ್ತಾರೆ. ಮೊದಲ ವಾರ ತಮ್ಮ ಸೋಪು ಕರಗಿದ್ದನ್ನು ನೋಡಿ ಸುಮ್ಮನಿರುತ್ತಾರೆ, ಎರಡನೆಯ ವಾರ ಬಕೆಟ್ಟು ಕಾಣೆಯಾದರೂ ಸುಮ್ಮನಿರುತ್ತಾರೆ. ದಸರಾ ರಜೆಯ ಹೊತ್ತಿಗೆ ಒಂದು ಸಣ್ಣ ಟವೆಲ್ಲಿನ ನೆಪಕ್ಕೆ ಎಲ್ಲವೂ ಒಟ್ಟಿಗೆ ಸಿಡಿಯುತ್ತದೆ. ವಾರ್ಡನ್ ಬಂದು ಕೇಳಿದರೆ ಟವೆಲ್ಲಿಗಾಗಿ ಇಷ್ಟು ರಂಪವೇ ಎಂದು ನಗುತ್ತಾರೆ. ಟವೆಲ್ಲಿನ ಹಿಂದೆ ಮೂರು ತಿಂಗಳ ಮೌನವಿದೆ ಎಂಬುದು ಅವರಿಗೆ ಹೇಗೆ ಗೊತ್ತಾಗಬೇಕು?

ಒಟ್ಟಿಗಿರುವವರು ಮೊದಲೇ ಮಾತಾಡಿಕೊಳ್ಳಬೇಕು ಎಂಬುದಕ್ಕೆ ಸಾಕ್ಷಿ ಬೇಕಿದ್ದರೆ ಇಲ್ಲಿಂದ ಹದಿನಾಲ್ಕು ಕಿಲೋಮೀಟರ್ ದೂರದ ಹರಿಹರಕ್ಕೆ ಹೋಗಿ ಬನ್ನಿ. ಹೊಯ್ಸಳ ದಂಡನಾಯಕ ಪೋಲಾಳ್ವ 1224ರಲ್ಲಿ ಕಟ್ಟಿಸಿದ ಗುಡಿಯಲ್ಲಿ ಒಂದೇ ವಿಗ್ರಹ, ಬಲಭಾಗ ಹರ, ಎಡಭಾಗ ಹರಿ. ಎಂಟು ನೂರು ವರ್ಷದಿಂದ ಒಂದೇ ಮೈ ಹಂಚಿಕೊಂಡ ಈ ಇಬ್ಬರು ಕೂಡ ಯಾವ ಕೈಯಲ್ಲಿ ಯಾರ ಆಯುಧ ಎಂಬುದನ್ನು ಮೊದಲೇ ತೀರ್ಮಾನ ಮಾಡಿಕೊಂಡಿದ್ದಾರೆ. ತ್ರಿಶೂಲ ಆ ಕಡೆ, ಚಕ್ರ ಈ ಕಡೆ. ದೇವರುಗಳಿಗೇ ಪಾಲು ಗೊತ್ತುಮಾಡಿಕೊಳ್ಳುವುದು ಬೇಕಾದರೆ ಹದಿನೇಳರ ಹುಡುಗರಿಗೆ ಬೇಡವೇ?

ಹರಿಹರದ ಹುಡುಗರಲ್ಲಿ ಹೆಚ್ಚಿನವರಿಗೆ ಈ ಪೇಚಾಟವಿಲ್ಲ. ಬೆಳಿಗ್ಗೆ ಬಸ್ಸು ಹತ್ತಿ ದಾವಣಗೆರೆಗೆ ಬಂದು ಸಂಜೆಗೆ ಮನೆ ಸೇರುತ್ತಾರೆ. ಅವರನ್ನು ಕಂಡರೆ ಹಾಸ್ಟೆಲ್ಲಿನವರಿಗೆ ಹೊಟ್ಟೆಕಿಚ್ಚು. ಆದರೆ ಪರೀಕ್ಷೆಯ ಹಿಂದಿನ ರಾತ್ರಿ ಹಾಸ್ಟೆಲ್ ಕಾರಿಡಾರಿನಲ್ಲಿ ಕೂತು ಪರಸ್ಪರ ಪಾಠ ಹೇಳಿಕೊಳ್ಳುವ ಭಾಗ್ಯ ಮಾತ್ರ ಬಸ್ಸಿನವರಿಗಿಲ್ಲ. ಹಾಗೆಂದು ಅವರೂ ಆಗಾಗ ದೂರುವುದುಂಟು.

ಇಷ್ಟೆಲ್ಲ ಹಾಸ್ಟೆಲ್ಲು ಬಂದದ್ದಾದರೂ ಹೇಗೆ? ಮಿಲ್ಲುಗಳ ಊರಾಗಿದ್ದ ದಾವಣಗೆರೆ ಓದುವವರ ಊರಾದದ್ದು ಒಂದೇ ದಿನದಲ್ಲಲ್ಲ. ಬ್ರಹ್ಮಪ್ಪ ದೇವೇಂದ್ರಪ್ಪ ತವನಪ್ಪನವರ್ ಹೆಸರಿನ ಬಿಡಿಟಿ ಎಂಜಿನಿಯರಿಂಗ್ ಕಾಲೇಜು ಶುರುವಾದದ್ದು 1951ರಲ್ಲಿ. 1958ರಲ್ಲಿ ಬಾಪೂಜಿ ವಿದ್ಯಾಸಂಸ್ಥೆ, 1965ರಲ್ಲಿ ಅದರ ಮೆಡಿಕಲ್ ಕಾಲೇಜು, 1979ರಲ್ಲಿ ಬಿಐಇಟಿ ಎಂಜಿನಿಯರಿಂಗ್ ಕಾಲೇಜು, 2009ರಲ್ಲಿ ತೋಳಹುಣಸೆಯ ವಿಶ್ವವಿದ್ಯಾಲಯ. ಕಾಲೇಜು ಹೆಚ್ಚಿದಂತೆ ಮಂಚಗಳೂ ಹೆಚ್ಚಿದವು. ವಿದ್ಯಾನಗರ, ಎಂಸಿಸಿ ಬಡಾವಣೆಗಳಲ್ಲಿ ಮನೆಯ ಮಹಡಿಗಳು ಪಿಜಿಗಳಾದವು.

ಅದಕ್ಕೂ ಮೊದಲು? ಹಳ್ಳಿಯ ಬಡ ಹುಡುಗ ಪೇಟೆಯಲ್ಲಿ ಓದಬೇಕೆಂದರೆ ವಾರಾನ್ನವೇ ಗತಿ. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ಆ ಮನೆಬಾಗಿಲುಗಳೂ ಎಲ್ಲ ಜಾತಿಯವರಿಗೆ ತೆರೆದಿರಲಿಲ್ಲ. ಕಳೆದ ಶತಮಾನದ ಮೊದಲರ್ಧದಲ್ಲಿ ಚಿತ್ರದುರ್ಗ ಮುರುಘಾಮಠದ ಜಯದೇವ ಸ್ವಾಮಿಗಳು ಊರೂರಲ್ಲಿ ವಿದ್ಯಾರ್ಥಿನಿಲಯ ತೆರೆಸಿದ್ದು ಈ ಹಿನ್ನೆಲೆಯಲ್ಲಿ. ಒಂದೊಂದು ಸಮುದಾಯವೂ ತನ್ನ ಹುಡುಗರಿಗೊಂದು ನೆಲೆ ಕಟ್ಟಿತು. ಮುಂದೆ ಸಮಾಜ ಕಲ್ಯಾಣ ಇಲಾಖೆಯ ನಿಲಯಗಳು, ಹಿಂದುಳಿದ ವರ್ಗಗಳ ಬಿಸಿಎಂ ಹಾಸ್ಟೆಲ್ಲುಗಳು ಬಂದವು. ಇವು ಇಲ್ಲದಿದ್ದರೆ ಎಷ್ಟೋ ಮನೆಗಳಲ್ಲಿ ಮೊದಲ ಪದವೀಧರರೇ ಹುಟ್ಟುತ್ತಿರಲಿಲ್ಲ. ಆದರೆ ಒಂದು ಮಾತನ್ನೂ ಹೇಳಬೇಕು: ತನ್ನವರ ಹಾಸ್ಟೆಲ್ಲಿನಲ್ಲೇ ಐದು ವರ್ಷ ಕಳೆದವನಿಗೆ ತನ್ನ ಮನೆಯಂಥದ್ದೇ ಇನ್ನೊಂದು ಮನೆ ಸಿಗುತ್ತದೆ, ಪಕ್ಕದ ಮಂಚದಲ್ಲಿ ಬೇರೆ ದೇವರು, ಬೇರೆ ಊಟದ ಗೆಳೆಯ ಸಿಗುವುದಿಲ್ಲ. ದುಡ್ಡಿದ್ದವರ ಪಿಜಿಯಲ್ಲಿ ಜಾತಿ ಬೆರೆಯುತ್ತದೆ, ಬಡವರು ಬೆರೆಯುವುದಿಲ್ಲ.

ಹುಡುಗಿಯರ ಪಾಡು ಇನ್ನೊಂದು ಬಗೆ. ಕತ್ತಲಾಗುವ ಹೊತ್ತಿಗೆ ಗೇಟಿಗೆ ಬೀಗ. ಹುಡುಗರ ಹಾಸ್ಟೆಲ್ಲಿನ ಗೇಟಿಗೂ ಬೀಗವಿರುತ್ತದೆ, ಅದರ ಪಕ್ಕದ ಕಾಂಪೌಂಡು ಮಾತ್ರ ಕುಳ್ಳಗಿರುತ್ತದೆ.

ಹಾಸ್ಟೆಲ್ಲಿನ ಗೋಡೆಯಲ್ಲಿ ಸೂಚನೆಗಳಿಗೇನೂ ಕೊರತೆಯಿಲ್ಲ. ಗೇಟಿನ ಸಮಯ, ಮೆಸ್ಸಿನ ಸಮಯ, ಯುಜಿಸಿ 2009ರಲ್ಲಿ ಹೊರಡಿಸಿದ ರ‍್ಯಾಗಿಂಗ್ ನಿಷೇಧದ ನಿಯಮ ಎಲ್ಲವನ್ನೂ ಅಂಟಿಸಿರುತ್ತಾರೆ. ರೂಮಿನೊಳಗಿನ ಬದುಕಿಗೆ ಮಾತ್ರ ಒಂದು ಸಾಲೂ ಇಲ್ಲ. ಅದನ್ನು ವಾರ್ಡನ್ ಬರೆದರೆ ಯಾರೂ ಪಾಲಿಸುವುದಿಲ್ಲ, ಬರೆಯಬೇಕಾದವರು ಆ ನಾಲ್ವರೇ. ಸೀಟು ಕೊಟ್ಟ ದಿನವೇ ಒಂದು ಅರ್ಧ ಹಾಳೆ ಕೈಗಿಟ್ಟು, ದೀಪ ಎಷ್ಟಕ್ಕೆ ಆರಬೇಕು, ಕಸ ಗುಡಿಸುವ ಪಾಳಿ ಯಾರದು, ಹೊರಗಿನ ಗೆಳೆಯರು ಬಂದರೆ ಯಾರ ಮಂಚದ ಮೇಲೆ ಕೂರಬೇಕು, ಕೇಳದೆ ಮುಟ್ಟಬಾರದ ಸಾಮಾನು ಯಾವುದು ಎಂದು ಬರೆಸಿಕೊಳ್ಳಲಿ. ಎರಡು ತಿಂಗಳ ಬಳಿಕ ಆ ಹಾಳೆ ಹರಿದು ಇನ್ನೊಂದು ಬರೆಯಲಿ, ಮೊದಲನೆಯದರಲ್ಲಿ ಅರ್ಧ ತಪ್ಪಿರುತ್ತದೆ. ಬಸ್‌ಸ್ಟ್ಯಾಂಡಿಗೆ ಬಿಡಲು ಬಂದ ಅಪ್ಪ ಅಮ್ಮ ಹೊಂದಿಕೊಂಡು ಹೋಗು ಎನ್ನುವ ಬದಲು, "ಬ್ಯಾಡಾದ್ರ ಬ್ಯಾಡ ಅಂತ ಅವತ್ತೇ ಹೇಳು, ಅವರು ಹೇಳಿದ್ದನ್ನೂ ಕೇಳು" ಎಂದು ಕಳಿಸಿದರೆ ವಾರ್ಡನ್‌ಗಳಿಗೆ ಅರ್ಧ ಕೆಲಸ ಕಡಿಮೆಯಾದೀತು.