ಕ್ಯಾಬ್‌ಗೆ ಸಾಕಾಗೋ ಜಿಪಿಎಸ್ ವಿಮಾನ ಇಳಿಸೋಕೆ ಯಾಕೆ ಸಾಲದು?

ನೋಯ್ಡಾದಲ್ಲಿರೋ ನಮಗೆ ಜನವರಿ ಬಂತಂದ್ರೆ ಒಂದೇ ಚಿಂತೆ: ಬೆಂಗಳೂರಿನ ಫ್ಲೈಟ್ ದೆಹಲಿಯಲ್ಲಿ ಇಳಿಯುತ್ತೋ, ಮಂಜು ಅಂತ ಜೈಪುರಕ್ಕೆ ಹೋಗುತ್ತೋ? ಆಗ ಎಲ್ಲರೂ ಕೇಳೋ ಪ್ರಶ್ನೆ: "ಕ್ಯಾಬ್ ಜಿಪಿಎಸ್ ನೋಡ್ಕೊಂಡು ಮನೆ ಬಾಗಿಲಿಗೆ ಬರುತ್ತೆ, ವಿಮಾನ ಯಾಕೆ ಇಳಿಯಲ್ಲ?"

ಕ್ಯಾಬ್ ಹತ್ತು ಮೀಟರ್ ಆಚೆ ನಿಂತ್ರೆ ನಾವೇ ನಡೆದು ಹೋಗ್ತೀವಿ. ಇಳಿಯುತ್ತಿರೋ ವಿಮಾನದ ಎತ್ತರದಲ್ಲಿ ಅಷ್ಟು ತಪ್ಪಾದ್ರೆ ಅಪಾಯ. ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿ.ಮೀ. ಮೇಲಿವೆ. ಅವುಗಳ ಸಿಗ್ನಲ್ ಅಯಾನುಗೋಳ ದಾಟುವಾಗ ತಡವಾಗುತ್ತದೆ. ಭೂಕಾಂತೀಯ ಸಮಭಾಜಕ ದಕ್ಷಿಣ ಭಾರತದ ಮೇಲೇ ಹಾದುಹೋಗೋದ್ರಿಂದ ನಮ್ಮಲ್ಲಿ ಈ ಏರುಪೇರು ಹೆಚ್ಚು.

ಇದನ್ನು ತಿದ್ದೋಕೆ ಇಸ್ರೋ ಮತ್ತು ವಿಮಾನ ನಿಲ್ದಾಣ ಪ್ರಾಧಿಕಾರ ಸೇರಿ ಕಟ್ಟಿದ್ದೇ 'ಗಗನ್'. ದೆಹಲಿ, ಗುವಾಹಟಿ, ತಿರುವನಂತಪುರ, ಪೋರ್ಟ್ ಬ್ಲೇರ್ ಸೇರಿ 15 ಕಡೆ ಅದರ ಕೇಂದ್ರಗಳಿವೆ. ಪ್ರತಿ ಕೇಂದ್ರಕ್ಕೂ ತಾನಿರೋ ಜಾಗ ಕರಾರುವಾಕ್ಕಾಗಿ ಗೊತ್ತು. ಹಾಗಾಗಿ ಜಿಪಿಎಸ್ ಎಷ್ಟು ತಪ್ಪು ಹೇಳ್ತಿದೆ ಅಂತ ಅದು ಹಿಡಿಯಬಲ್ಲದು. ಆ ಮಾಹಿತಿಯೆಲ್ಲ ಹೋಗೋದು ಬೆಂಗಳೂರಿನ ಕುಂದಲಹಳ್ಳಿಗೆ. ಹೌದು, ಟ್ರಾಫಿಕ್‌ನಲ್ಲಿ ನಾವೆಲ್ಲ ಕಾಲ ಕಳೆದ ಅದೇ ಕುಂದಲಹಳ್ಳಿ! ಅಲ್ಲಿನ ನಿಯಂತ್ರಣ ಕೇಂದ್ರ ತಿದ್ದುಪಡಿಯ ಲೆಕ್ಕ ಹಾಕುತ್ತೆ. ಅದು ಜಿಸ್ಯಾಟ್ ಉಪಗ್ರಹದ ಮೂಲಕ ವಿಮಾನಕ್ಕೆ ತಲುಪುತ್ತೆ.

ಆದರೆ ನಿಖರತೆಗಿಂತ ದೊಡ್ಡ ವಿಷಯ ನಂಬಿಕೆ. ಸರ್ವರ್ ಡೌನ್ ಆದ್ರೆ ನಮಗೆ ಗೊತ್ತಾಗುತ್ತೆ. ಎಲ್ಲ ಸರಿಯಿದೆ ಅಂತ ಹೇಳ್ತಾ ತಪ್ಪು ಡೇಟಾ ಕೊಡೋ ಸರ್ವರ್ರೇ ಅಪಾಯ. ಸಿಗ್ನಲ್ ಕೆಟ್ಟಿದ್ರೆ "ನನ್ನನ್ನು ನಂಬಬೇಡ" ಅಂತ 10 ಸೆಕೆಂಡಿನೊಳಗೆ ಪೈಲಟ್‌ಗೆ ತಿಳಿಯಬೇಕು, ಇದು ಅಂತರರಾಷ್ಟ್ರೀಯ ನಿಯಮ. ಬರೀ ಜಿಪಿಎಸ್ ಈ ಭರವಸೆ ಕೊಡಲ್ಲ.

ಇಂಥ ಇಳಿಕೆಗೆ ಗಗನ್‌ಗೆ ಪ್ರಮಾಣಪತ್ರ ಸಿಕ್ಕಿದ್ದು 2015ರ ಏಪ್ರಿಲ್‌ನಲ್ಲಿ. 2022ರ ಏಪ್ರಿಲ್ 28ರಂದು ಇಂಡಿಗೋದ ಎಟಿಆರ್ ವಿಮಾನ ರಾಜಸ್ಥಾನದ ಕಿಶನ್‌ಗಢದಲ್ಲಿ ಗಗನ್ ನೆರವಿನಿಂದ ಇಳಿಯಿತು. ರನ್‌ವೇ ಪಕ್ಕ ದುಬಾರಿ ಐಎಲ್ಎಸ್ ಉಪಕರಣ ಇಲ್ಲದ ಸಣ್ಣ ನಿಲ್ದಾಣಗಳಿಗೆ ಇದು ವರ.

ಹಾಗಾದ್ರೆ ನಮ್ಮ ಜನವರಿ ಕಥೆ? ಗಗನ್ ದಾರಿ ತೋರಿಸೋದು ಸುಮಾರು 250 ಅಡಿ ಎತ್ತರದವರೆಗೆ. ಅಲ್ಲಿಂದ ಮುಂದೆ ಪೈಲಟ್ ಕಣ್ಣಿಗೆ ರನ್‌ವೇ ಕಾಣಲೇಬೇಕು, ಇಲ್ಲದಿದ್ರೆ ಮತ್ತೆ ಮೇಲೇರಬೇಕು. ದೆಹಲಿಯ ದಟ್ಟ ಮಂಜಿಗೆ ಬೇಕಿರೋದು ಕ್ಯಾಟ್-3 ಐಎಲ್ಎಸ್, ಜೊತೆಗೆ ಅದಕ್ಕೆ ತಕ್ಕ ವಿಮಾನ, ತರಬೇತಾದ ಪೈಲಟ್. ಮೂರರಲ್ಲಿ ಒಂದಿಲ್ಲದಿದ್ರೂ ಜೈಪುರವೇ ಗತಿ.

ಅದಕ್ಕೇ ಮುಂದಿನ ಸಲ ಫ್ಲೈಟ್ ತಿರುಗಿಸಿದ್ರೆ ಪೈಲಟ್‌ಗೆ ಬೈಬೇಡಿ. ಕಾಣದೇ ಇದ್ದಾಗ ಇಳಿಯದೇ ಇರೋದೂ ಈ ವ್ಯವಸ್ಥೆಯ ಕೆಲಸವೇ.