ಖಾಲಿ ಗುಳಿಗೆ ಯಾರಿಗೆ?

ದೊಡ್ಡ ಆಸ್ಪತ್ರೆಯಲ್ಲಿ ಚೀಟಿ ಮಾಡಿಸಿಕೊಂಡು ಸರದಿಗಾಗಿ ಕಾದು ಕುಳಿತಾಗ ಗೋಡೆಯ ಮೇಲೆ ಇಂಥದೊಂದು ಸೂಚನೆಯನ್ನು ನೀವು ಗಮನಿಸಿರಬಹುದು: ‘ಹೊಸ ಔಷಧದ ಪ್ರಯೋಗ ನಡೆಯುತ್ತಿದೆ. ಭಾಗವಹಿಸಲು ಇಚ್ಛಿಸುವ ರೋಗಿಗಳು ವೈದ್ಯರನ್ನು ಕಾಣಿರಿ.’ ಓದಿದವರಲ್ಲಿ ಕೆಲವರು ಪುಕ್ಕಟೆ ಔಷಧ ಸಿಕ್ಕಿತೆಂದು ಹಿಗ್ಗುತ್ತಾರೆ. ಕೆಲವರು ‘ನಾವೇನು ಪ್ರಯೋಗಶಾಲೆಯ ಇಲಿಗಳೇ?’ ಎಂದು ಮುಖ ತಿರುಗಿಸುತ್ತಾರೆ. ಇಬ್ಬರೂ ಸೂಚನೆಯನ್ನು ಅರ್ಧ ಮಾತ್ರ ಓದಿಕೊಂಡವರು.

ಹಾವೇರಿಯ ಹತ್ತಿರದ ಅಗಡಿಯಲ್ಲಿ ವಿದ್ಯಾರ್ಥಿಗಳೊಡನೆ ಈ ವಿಷಯ ಮಾತಾಡುತ್ತಿದ್ದಾಗ ಹುಡುಗಿಯೊಬ್ಬಳು ಎದ್ದು ಕೇಳಿದಳು: ‘ಅಲ್ರೀ ಸರ, ಅರ್ಧ ಮಂದಿಗೆ ಔಷಧ, ಅರ್ಧ ಮಂದಿಗೆ ಖಾಲಿ ಗುಳಿಗಿ ಅಂತೀರಿ. ಗೊತ್ತಿದ್ದೂ ಖಾಲಿ ಗುಳಿಗಿ ಕೊಡೋದು ಮೋಸ ಅಲ್ಲೇನ್ರೀ?’ ಕ್ಯಾಮೆರಾದ ಮುಂದೆ ಎರಡು ನಿಮಿಷದಲ್ಲಿ ಉತ್ತರಿಸಿ ಮುಗಿಸುವ ಪ್ರಶ್ನೆ ಇದಲ್ಲ. ಆದ್ದರಿಂದಲೇ ಈ ಪುಟ.

ಮೊದಲು ಹೊಲಕ್ಕೆ ಹೋಗೋಣ. ಮೆಣಸಿನಕಾಯಿಯ ಹೊಸ ತಳಿಯೊಂದು ಬಂದಿದೆ ಎನ್ನಿ. ರೈತ ಅದನ್ನು ಬಾವಿಯ ಮಗ್ಗುಲಿನ ಒಳ್ಳೆಯ ಎರೆಹೊಲದಲ್ಲಿ ಹಚ್ಚಿ, ಹಳೆಯ ತಳಿಯನ್ನು ದೂರದ ಮಸಾರಿಯಲ್ಲಿ ಹಚ್ಚಿದರೆ, ಹೆಚ್ಚು ಇಳುವರಿ ಬಂದದ್ದು ಬೀಜದಿಂದಲೋ ನೀರು, ಮಣ್ಣಿನಿಂದಲೋ ಹೇಳುವುದು ಹೇಗೆ? ಹೊಲವನ್ನು ಸಣ್ಣ ಸಣ್ಣ ಮಡಿಗಳಾಗಿ ಮಾಡಿ, ಯಾವ ಮಡಿಗೆ ಯಾವ ಬೀಜ ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸಬೇಕು. 1920ರ ದಶಕದಲ್ಲಿ ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿದ್ದ ಸಂಖ್ಯಾಶಾಸ್ತ್ರಜ್ಞ ಆರ್. ಎ. ಫಿಷರ್ ಈ ಉಪಾಯಕ್ಕೆ ಗಣಿತದ ತಳಹದಿ ಹಾಕಿದರು. ಕ್ಷಯರೋಗಕ್ಕೆ ಸ್ಟ್ರೆಪ್ಟೊಮೈಸಿನ್ ನೀಡಿ ನೋಡಿದ ಬ್ರಿಟನ್ನಿನ ಪ್ರಯೋಗ ಇದೇ ಉಪಾಯವನ್ನು ರೋಗಿಗಳಿಗೆ ಅನ್ವಯಿಸಿತು. 1948ರಲ್ಲಿ ಅದು ಪ್ರಕಟವಾಯಿತು. ನಮ್ಮ ವೈದ್ಯರು ಬರೆದುಕೊಡುವ ಗುಳಿಗೆಯ ಹಿಂದೆ ಹೀಗೊಂದು ಬೇಸಾಯದ ಕಥೆ ಇದೆಯೆಂದು ಅನೇಕ ವೈದ್ಯರಿಗೂ ನೆನಪಿರಲಾರದು.

ಆದರೆ ಮಡಿಯಲ್ಲಿನ ಗಿಡ ನೋವೆನ್ನುವುದಿಲ್ಲ, ಮನುಷ್ಯರು ಎನ್ನುತ್ತಾರೆ. ಹುಡುಗಿಯ ಪ್ರಶ್ನೆ ಹುಟ್ಟುವುದು ಇಲ್ಲಿಯೇ. ಅದಕ್ಕೆ ಉತ್ತರ ಹುಡುಕಲು ದೂರ ಹೋಗಬೇಕಾಗಿಲ್ಲ, ಬೆಳಗಾವಿ ಜಿಲ್ಲೆಗೆ ಹೋದರೆ ಸಾಕು.

ಹೆರಿಗೆಯಾಗಿ ಮಾಸು ಬಿದ್ದ ಮೇಲೆ ಗರ್ಭಕೋಶ ಬಿಗಿಯಾಗಿ ಕುಗ್ಗಿ, ತೆರೆದುಕೊಂಡ ರಕ್ತನಾಳಗಳನ್ನು ಹಿಸುಕಿ ಮುಚ್ಚಬೇಕು. ಅದು ಕುಗ್ಗದಿದ್ದರೆ ರಕ್ತ ಹರಿಯುತ್ತಲೇ ಇರುತ್ತದೆ. ಕೆಲವೇ ಗಂಟೆಗಳಲ್ಲಿ ತಾಯಿ ತೀರಿಕೊಳ್ಳಬಹುದು. ಇದನ್ನು ತಡೆಯುವ ಆಕ್ಸಿಟೋಸಿನ್ ಚುಚ್ಚುಮದ್ದು ಆಗಲೂ ಇತ್ತು. ಆದರೆ ಅದನ್ನು ತಂಪಿನಲ್ಲಿಡಬೇಕು, ಚುಚ್ಚಲು ತಿಳಿದವರು ಬೇಕು. ಹಳ್ಳಿಯ ಮನೆಗಳಲ್ಲಿ, ಉಪಕೇಂದ್ರಗಳಲ್ಲಿ ಹೆರಿಗೆ ಮಾಡಿಸುತ್ತಿದ್ದ ಎ.ಎನ್.ಎಂ.ಗಳಿಗೆ, ಅಂದರೆ ನಿಮ್ಮೂರಿನ ನರ್ಸಮ್ಮನಿಗೆ, ಅದನ್ನು ಕೊಡುವ ಅನುಮತಿ ಆ ಕಾಲದಲ್ಲಿ ಇರಲಿಲ್ಲ. ಮಿಸೊಪ್ರೊಸ್ಟಾಲ್ ಎಂಬ ಗುಳಿಗೆಯೊಂದಿತ್ತು. ಹೊಟ್ಟೆಯ ಹುಣ್ಣಿಗೆಂದು ಬಂದದ್ದು, ಅಗ್ಗದ್ದು, ಫ್ರಿಜ್ ಬೇಡದ್ದು. ಗರ್ಭಕೋಶವನ್ನು ಕುಗ್ಗಿಸುವ ಗುಣವೂ ಅದಕ್ಕಿತ್ತು. ಆದರೆ ಆಸ್ಪತ್ರೆಗಳಲ್ಲಿ ನಡೆದು 2001ರಲ್ಲಿ ಪ್ರಕಟವಾದ ವಿಶ್ವ ಆರೋಗ್ಯ ಸಂಸ್ಥೆಯ ದೊಡ್ಡ ಪ್ರಯೋಗವೊಂದು ಆಕ್ಸಿಟೋಸಿನ್ನೇ ಮೇಲು ಎಂದಿತ್ತು. ಗುಳಿಗೆ ನುಂಗಿದವರಿಗೆ ನಡುಕ, ಜ್ವರವೂ ಬರುತ್ತಿದ್ದವು. ಹಳ್ಳಿಯ ಮನೆಯಲ್ಲಿ ಅದರಿಂದ ಒಳಿತು ಎಷ್ಟು, ಕೆಡುಕು ಎಷ್ಟು? ಖಚಿತವಾಗಿ ಯಾರಿಗೂ ಗೊತ್ತಿರಲಿಲ್ಲ.

ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನ ವೈದ್ಯರು ಅಮೆರಿಕದ ಸಂಶೋಧಕರೊಡನೆ ಸೇರಿ 2002ರಿಂದ 2005ರವರೆಗೆ ಜಿಲ್ಲೆಯ ನಾಲ್ಕು ಪ್ರಾಥಮಿಕ ಆರೋಗ್ಯ ಕೇಂದ್ರಗಳ ವ್ಯಾಪ್ತಿಯಲ್ಲಿ ಇದನ್ನು ಪರೀಕ್ಷಿಸಿದರು. ಒಟ್ಟು 1,620 ತಾಯಂದಿರು. 812 ಮಂದಿಗೆ ಮಿಸೊಪ್ರೊಸ್ಟಾಲ್, 808 ಮಂದಿಗೆ ನೋಡಲು ಹಾಗೆಯೇ ಇದ್ದ ಖಾಲಿ ಗುಳಿಗೆ. ಯಾರಿಗೆ ಯಾವುದು ಎಂಬುದು ತಾಯಿಗೂ ತಿಳಿಯದು, ಕೊಡುವ ಎ.ಎನ್.ಎಂ.ಗೂ ತಿಳಿಯದು. ತಿಳಿದಿದ್ದರೆ ‘ಇವಳಿಗೆ ಔಷಧ ಕೊಟ್ಟಿದ್ದೇನೆ, ರಕ್ತ ಕಡಿಮೆಯೇ ಹೋಗಿರಬೇಕು’ ಎಂದು ಕಣ್ಣು ತಾನೇ ಸುಳ್ಳು ಹೇಳುತ್ತದೆ. ಅಂದಾಜನ್ನೂ ನಂಬಲಿಲ್ಲ. ಚೀಲದಂತೆ ಇಳಿಬಿದ್ದ, ಅಳತೆಯ ಗೆರೆಗಳಿದ್ದ ಪ್ಲಾಸ್ಟಿಕ್ ಹಾಳೆಯನ್ನು ತಾಯಿಯ ಕೆಳಗೆ ಹಾಸಿ ರಕ್ತವನ್ನು ಅಳೆದರು. ಈ ಇಡೀ ಪ್ರಯೋಗದಲ್ಲಿ ನನಗೆ ಬಹಳ ಹಿಡಿಸಿದ ವಸ್ತು ಆ ಹಾಳೆ. ಬಟ್ಟೆಯಲ್ಲಿ ಇಂಗಿಹೋಗುತ್ತಿದ್ದ ರಕ್ತ ಅದರಿಂದ ಲೆಕ್ಕಕ್ಕೆ ಸಿಕ್ಕಿತು.

ಫಲಿತಾಂಶ 2006ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. ಖಾಲಿ ಗುಳಿಗೆಯ ಗುಂಪಿನಲ್ಲಿ ಅರ್ಧ ಲೀಟರು ಅಥವಾ ಅದಕ್ಕಿಂತ ಹೆಚ್ಚು ರಕ್ತ ಕಳೆದುಕೊಂಡವರು ಶೇ. 12, ಔಷಧದ ಗುಂಪಿನಲ್ಲಿ ಶೇ. 6.4. ತೀವ್ರ ರಕ್ತಸ್ರಾವ ಶೇ. 1.2ರಿಂದ 0.2ಕ್ಕೆ ಇಳಿದಿತ್ತು. ನಡುಕ, ಜ್ವರ ಬಂದವು, ಹೋದವು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೆರಿಗೆಯ ನಂತರದ ರಕ್ತಸ್ರಾವ ತಡೆಯಲು ಈ ಗುಳಿಗೆಯನ್ನು ಅವಶ್ಯಕ ಔಷಧಗಳ ಪಟ್ಟಿಗೆ ಸೇರಿಸಿತು.

ಈಗ ಹುಡುಗಿಯ ಪ್ರಶ್ನೆಗೆ ಬರೋಣ. ಆ 808 ತಾಯಂದಿರಿಗೆ ಮೋಸವಾಯಿತೇ? ಅವರಿಂದ ಇದ್ದ ಚಿಕಿತ್ಸೆಯನ್ನು ಕಿತ್ತುಕೊಂಡಿರಲಿಲ್ಲ. ಆ ಹಳ್ಳಿಗಳಲ್ಲಿ ಆಗ ಸಿಗುತ್ತಿದ್ದದ್ದು ಅಷ್ಟೇ ಆರೈಕೆ. ಔಷಧ ಗೆಲ್ಲುತ್ತದೆಂದು ಮೊದಲೇ ಗೊತ್ತಿದ್ದು ಖಾಲಿ ಗುಳಿಗೆ ಕೊಟ್ಟಿದ್ದರೆ ಅದು ಖಂಡಿತ ಮೋಸ. ಗೊತ್ತಿರಲಿಲ್ಲ, ಗೊತ್ತಿಲ್ಲವೆಂದೇ ಕೇಳಿ ಒಪ್ಪಿಗೆ ಪಡೆಯಬೇಕು. ಹಾಗಿದ್ದರೂ ಪಟ್ಟಣದ ಆಸ್ಪತ್ರೆಯಲ್ಲಿದ್ದ ಚುಚ್ಚುಮದ್ದು ಹಳ್ಳಿಯ ತಾಯಿಗೆ ಏಕೆ ಇರಲಿಲ್ಲ ಎಂಬ ಮಾತು ನನ್ನನ್ನು ಚುಚ್ಚುತ್ತದೆ. ಆದರೆ ಆ ತಪ್ಪು ಗುಳಿಗೆಯದಲ್ಲ. ಉತ್ತರ ಸಿಕ್ಕ ಮೇಲೆ ಅದೇ ಪ್ರಯೋಗವನ್ನು ಮತ್ತೆ ಮಾಡುವುದು ತಪ್ಪಾಗುತ್ತದೆ. ಆದ್ದರಿಂದಲೇ ಬಿಸಿಲಿಗೆ ಕೆಡದ ಕಾರ್ಬಿಟೋಸಿನ್ ಎಂಬ ಇನ್ನೊಂದು ಔಷಧವನ್ನು ಭಾರತವೂ ಸೇರಿ 10 ದೇಶಗಳಲ್ಲಿ ಪರೀಕ್ಷಿಸಿದಾಗ ಅದನ್ನು ಹೋಲಿಸಿದ್ದು ಆಕ್ಸಿಟೋಸಿನ್ ಜೊತೆ, ಖಾಲಿ ಮದ್ದಿನ ಜೊತೆಗಲ್ಲ. ಅದರ ಫಲಿತಾಂಶ 2018ರಲ್ಲಿ ಪ್ರಕಟವಾಯಿತು.

ಒಪ್ಪಿಗೆಯನ್ನು ಹಗುರವಾಗಿ ತೆಗೆದುಕೊಂಡರೆ ಏನಾಗುತ್ತದೆ ಎಂಬುದಕ್ಕೂ ನಿದರ್ಶನವಿದೆ, ಅದು ನಿಮ್ಮ ವಯಸ್ಸಿನವರದೇ. 2009ರಲ್ಲಿ ಆಗಿನ ಆಂಧ್ರಪ್ರದೇಶದ ಖಮ್ಮಂ ಜಿಲ್ಲೆಯಲ್ಲಿ ಗರ್ಭಕೋಶದ ಕಂಠದ ಕ್ಯಾನ್ಸರ್ ತಡೆಯುವ ಲಸಿಕೆಯನ್ನು 10ರಿಂದ 14 ವರ್ಷದ ಹುಡುಗಿಯರಿಗೆ ಹಾಕುವ ಯೋಜನೆ ನಡೆಯಿತು. ಹಲವು ವಸತಿಶಾಲೆಗಳಲ್ಲಿ ತಂದೆತಾಯಿಯ ಬದಲು ವಾರ್ಡನ್ನರೇ ಸಹಿ ಹಾಕಿದ್ದರು. ಕೆಲವು ಹುಡುಗಿಯರು ತೀರಿಕೊಂಡಾಗ, ಆ ಸಾವುಗಳಿಗೂ ಲಸಿಕೆಗೂ ಸಂಬಂಧವಿರುವ ಸಂಭವ ಇಲ್ಲವೆಂದು ತನಿಖಾ ಸಮಿತಿ ಹೇಳಿದರೂ ಜನ ನಂಬಲಿಲ್ಲ. ಹೇಗೆ ನಂಬಿಯಾರು? ಕೇಳಿಯೇ ಇರಲಿಲ್ಲವಲ್ಲ! 2010ರಲ್ಲಿ ಯೋಜನೆ ನಿಂತಿತು; 2013ರಲ್ಲಿ ಸಂಸದೀಯ ಸಮಿತಿ ಕಟುವಾದ ವರದಿ ಕೊಟ್ಟಿತು. ಒಳ್ಳೆಯ ಲಸಿಕೆಯೊಂದಕ್ಕೆ ಬಹುಕಾಲ ಕೆಟ್ಟ ಹೆಸರು ಅಂಟಿಕೊಂಡಿತು.

ಈಗ ನಿಯಮಗಳು ಬಿಗಿಯಾಗಿವೆ. ಔಷಧ ಪ್ರಯೋಗಗಳನ್ನು ಆರಂಭಕ್ಕೆ ಮೊದಲೇ ರಾಷ್ಟ್ರೀಯ ನೋಂದಣಿಯಲ್ಲಿ ದಾಖಲಿಸುವುದು 2009ರ ಜೂನ್‌ನಿಂದ ಕಡ್ಡಾಯ. ಸೋತ ಪ್ರಯೋಗವನ್ನು ಮುಚ್ಚಿಡುವುದು ಇದರಿಂದ ಕಷ್ಟವಾಗಿದೆ. 2019ರ ನಿಯಮಗಳ ಪ್ರಕಾರ ಕನಿಷ್ಠ 7 ಮಂದಿಯ ನೈತಿಕ ಸಮಿತಿ ಒಪ್ಪಬೇಕು. ಅದರಲ್ಲಿ ಕಾನೂನು ಬಲ್ಲವರು, ಮಹಿಳೆ, ವೈದ್ಯರಲ್ಲದ ಸಾಮಾನ್ಯ ವ್ಯಕ್ತಿ ಇರಬೇಕು, ಅರ್ಧದಷ್ಟು ಮಂದಿ ಸಂಸ್ಥೆಯ ಹೊರಗಿನವರಾಗಿರಬೇಕು. ಪ್ರಯೋಗದಿಂದ ತೊಂದರೆಯಾದರೆ ಚಿಕಿತ್ಸೆ, ಪರಿಹಾರ ಕೊಡಬೇಕು. ಓದುಬರಹ ಬಾರದವರ ಒಪ್ಪಿಗೆಗೆ ನಿಷ್ಪಕ್ಷಪಾತಿ ಸಾಕ್ಷಿ ಬೇಕು.

ಆ ಸಾಕ್ಷಿಯ ಜಾಗದಲ್ಲಲ್ಲದಿದ್ದರೂ, ನಿಮ್ಮ ಮನೆಯಲ್ಲಿ ಅಜ್ಜನ ಪಕ್ಕ ಕುಳಿತು ಒಪ್ಪಿಗೆ ಪತ್ರ ಓದಿ ಹೇಳುವವರು ನೀವೇ ಆಗಿರುತ್ತೀರಿ. ಅದು ಕನ್ನಡದಲ್ಲಿರಬೇಕು. ಈ ಔಷಧ ಸಿಗದ ಗುಂಪಿಗೆ ಬಿದ್ದರೆ ಅಜ್ಜನಿಗೆ ಏನು ಕೊಡುತ್ತಾರೆ ಎಂದು ಕೇಳಿರಿ. ನಡುವೆ ಬಿಟ್ಟುಬಂದರೆ ಎಂದಿನ ಚಿಕಿತ್ಸೆ ಮುಂದುವರಿಯುತ್ತದೆಯೇ ಎಂದು ಕೇಳಿರಿ, ಮುಂದುವರಿಯಲೇಬೇಕು. ಯೋಚಿಸಲು ನಾಲ್ಕು ದಿನ ಬೇಕೆಂದರೆ ಯಾರೂ ಬೇಡವೆನ್ನುವಂತಿಲ್ಲ. ಸಹಿಯಾದ ಮೇಲೆ ಪತ್ರದ ಒಂದು ಪ್ರತಿ ಅಜ್ಜನಿಗೆ ಸೇರಬೇಕು. ತೊಂದರೆಯಾದರೆ ಯಾರಿಗೆ ಫೋನು ಮಾಡಬೇಕೆಂಬುದು ಅದರಲ್ಲಿರುತ್ತದೆ. ಮನೆಯ ರೇಷನ್ ಕಾರ್ಡಿನ ಜೊತೆಗೇ ಅದನ್ನೂ ಇಟ್ಟುಕೊಳ್ಳಿರಿ.