ತಾಯಿ ಇಟ್ಟ ಠೇವಣಿ

ಹಸುಗೂಸಿನ ಕಣ್ಣ ಸುತ್ತ ಕೆಂಪು ಉಂಗುರ ಮೂಡಿದರೆ ನಮ್ಮ ರೋಣ, ನರಗುಂದ, ಗಜೇಂದ್ರಗಡದ ಕಡೆ ಹಿರಿಯರು ಕೇಳುವುದು ಒಂದೇ ಮಾತು: “ಗ್ರಹಣದಾಗ ಹೊರಗ ಬಂದಿದ್ದೇನವಾ?” ಈ ಮೂರೂ ಊರುಗಳ ಬ್ಯಾಂಕ್ ಶಾಖೆಗಳಲ್ಲಿ ಗುಮಾಸ್ತನಾಗಿದ್ದವನು ನಾನು. ಓದಿದ್ದು ಬಿ.ಕಾಂ., ವೈದ್ಯಕೀಯವಲ್ಲ. ಆದರೆ ನಮ್ಮ ಬಳಗದ ಹುಡುಗಿಯೊಬ್ಬಳು ಮೂರು ವಾರದ ಕೂಸನ್ನು ತೊಡೆಯ ಮೇಲಿಟ್ಟುಕೊಂಡು, ಈ ಪ್ರಶ್ನೆಗೆ ತಲೆ ತಗ್ಗಿಸಿ ಕೂತದ್ದನ್ನು ನೋಡಲಾಗಲಿಲ್ಲ. ಮಕ್ಕಳ ವೈದ್ಯರನ್ನು ಬಿಡದೆ ಕೇಳಿ ತಿಳಿದುಕೊಂಡೆ.

ಕೂಸಿಗೆ ಬಂದದ್ದು ನವಜಾತ ಶಿಶುವಿನ ಲೂಪಸ್. ಗ್ರಹಣಕ್ಕೂ ಅದಕ್ಕೂ ಸಂಬಂಧವಿಲ್ಲ.

ರೋಗದ ವಿರುದ್ಧ ಹೋರಾಡುವ ಪ್ರತಿಕಾಯಗಳು ತಾಯಿಯ ರಕ್ತದಿಂದ ಮಾಸಿನ ಮೂಲಕ ಗರ್ಭದಲ್ಲಿರುವ ಕೂಸಿಗೆ ಇಳಿಯುತ್ತವೆ. ಹುಟ್ಟುವ ಕೂಸಿಗೆ ತಾಯಿ ಇಟ್ಟ ಠೇವಣಿ ಅದು. ಗರ್ಭಿಣಿಗೆ ಧನುರ್ವಾಯು ಚುಚ್ಚುಮದ್ದು ಕೊಡುವುದೂ ಈ ದಾರಿಯನ್ನು ನಂಬಿಯೇ. ಹಿಂದೆ ಎಷ್ಟೋ ಬಾಣಂತಿಕೋಣೆಗಳನ್ನು ಬರಿದು ಮಾಡಿದ ಆ ರೋಗ ಪಿಡುಗಾಗಿ ಉಳಿದಿಲ್ಲವೆಂದು 2015ರಲ್ಲಿ ಭಾರತಕ್ಕೆ ಮನ್ನಣೆ ಸಿಕ್ಕಿತು. ಠೇವಣಿಗೆ ಅವಧಿಯೂ ಇದೆ. ಅದು ಕರಗುವ ಮೊದಲೇ ದಡಾರದ ಲಸಿಕೆ ಹಾಕಿದರೆ ಸರಿಯಾಗಿ ಹತ್ತುವುದಿಲ್ಲ. ಅದಕ್ಕೇ 9 ತಿಂಗಳು ತುಂಬುವವರೆಗೆ ಕಾಯುತ್ತಾರೆ.

ಕೆಲವು ತಾಯಂದಿರಲ್ಲಿ ಸ್ವಂತ ದೇಹದ ಮೇಲೆಯೇ ತಿರುಗಿಬೀಳುವ ಪ್ರತಿಕಾಯಗಳಿರುತ್ತವೆ. ಆ್ಯಂಟಿ-ರೋ, ಆ್ಯಂಟಿ-ಲಾ ಅಂಥವು. (“ರೋ ಅಂದರೆ ನಮ್ಮ ರೋಣವೇ?” ಎಂದೆ. ವೈದ್ಯರು ನಕ್ಕರು. ಮೊದಲು ಅವು ಪತ್ತೆಯಾದ ರೋಗಿಗಳ ಹೆಸರಿನ ಆರಂಭದ ಅಕ್ಷರಗಳಂತೆ.) ಮಾಸು ಒಳ್ಳೆಯದು ಕೆಟ್ಟದ್ದು ಎಂದು ಆರಿಸುವುದಿಲ್ಲ, ಇವನ್ನೂ ದಾಟಿಸುತ್ತದೆ. ಎಷ್ಟೋ ತಾಯಂದಿರಿಗೆ ತಮ್ಮಲ್ಲಿ ಇಂಥದ್ದಿದೆ ಎಂಬುದು ಗೊತ್ತೇ ಇರುವುದಿಲ್ಲ. ಕೂಸಿನ ಮುಖ ನೋಡಿದ ಮೇಲೆಯೇ ಅವರ ರಕ್ತಪರೀಕ್ಷೆಯಾಗುತ್ತದೆ. ನಮ್ಮ ಹುಡುಗಿಯದೂ ಹಾಗೆಯೇ ಆಯಿತು. ಮೊಲೆಹಾಲು ಬಿಡಿಸಲೇ ಎಂದು ಅತ್ತಳು. ಬೇಡವೆಂದರು ವೈದ್ಯರು; ಕಾಯಿಲೆ ಬಂದದ್ದು ಹಾಲಿನಿಂದಲ್ಲ.

ಬಿಸಿಲು ಬಿದ್ದರೆ ಈ ಕಲೆಗಳು ಹೆಚ್ಚುತ್ತವೆ. ಎಣ್ಣೆ ತಿಕ್ಕಿ, ಎರೆದು, ಎಳೆಬಿಸಿಲಿಗೆ ಹಿಡಿಯುವುದು ನಮ್ಮ ಪದ್ಧತಿ. ಈ ಕೂಸಿಗೆ ಮಾತ್ರ ಬಿಸಿಲು ಬೇಡ ಎಂದು ಅಜ್ಜಿಯನ್ನು ಒಪ್ಪಿಸುವಷ್ಟರಲ್ಲಿ ಸಾಕಾಯಿತು. 6ರಿಂದ 8 ತಿಂಗಳೊಳಗೆ ತಾಯಿಯ ಪ್ರತಿಕಾಯ ಕರಗಿದಂತೆ ಕಲೆಯೂ ಸಾಮಾನ್ಯವಾಗಿ ಹೋಗುತ್ತದೆ.

ಹೃದಯದ ಮಾತು ಬೇರೆ. ಬಡಿತದ ಸಂದೇಶ ಸಾಗಿಸುವ ಎಳೆಗಳಿಗೆ ಪೂರ್ತಿ ಪೆಟ್ಟು ಬಿದ್ದರೆ ಅದು ಮರಳಿ ಕೂಡಿಕೊಳ್ಳದು. ಆ್ಯಂಟಿ-ರೋ ಇರುವ 100 ತಾಯಂದಿರಲ್ಲಿ ಒಬ್ಬಿಬ್ಬರ ಕೂಸಿಗೆ ಹೀಗಾಗುತ್ತದೆ, ಅದೂ ಹೆಚ್ಚಾಗಿ ಗರ್ಭದ 18ರಿಂದ 24ನೇ ವಾರದೊಳಗೆ. ನಿಮಿಷಕ್ಕೆ 110ರಿಂದ 160 ಇರಬೇಕಾದ ಬಡಿತ 50–60ಕ್ಕೆ ಇಳಿಯುತ್ತದೆ. ಅನೇಕ ಮಕ್ಕಳಿಗೆ ಪೇಸ್‌ಮೇಕರ್ ಬೇಕು, ಕೆಲವು ಉಳಿಯುವುದಿಲ್ಲ. ನಮ್ಮ ಕೂಸಿನ ಇಸಿಜಿ ಚೊಲೊ ಬಂತು.

ಹೊಲದ ಕೆಲಸವಿದೆ, ಬಸ್ಸು ತಪ್ಪಿತು ಎಂದು ಐದನೇ ತಿಂಗಳ ತಪಾಸಣೆ ಬಿಡುವವರನ್ನು ಈಗ ನಾನು ಸುಮ್ಮನೆ ಬಿಡುವುದಿಲ್ಲ. ಹೊಟ್ಟೆಯ ಮೇಲಿಂದ ಬಡಿತ ಎಣಿಸಿದರೂ ಸಾಕು, ನಿಧಾನವಾಗಿದ್ದರೆ ತಿಳಿಯುತ್ತದೆ. ಒಂದು ಕೂಸಿಗೆ ಹೃದಯದ ತೊಂದರೆಯಾಗಿದ್ದರೆ, ಮುಂದಿನ ಬಸಿರಿನಲ್ಲಿ ಅದು ಮರುಕಳಿಸುವ ಸಂಭವ 100ಕ್ಕೆ 16ರಿಂದ 18. ಮಲೇರಿಯಾಕ್ಕೆ ಕೊಡುತ್ತಿದ್ದ ಹೈಡ್ರಾಕ್ಸಿಕ್ಲೋರೊಕ್ವಿನ್ ಮಾತ್ರೆಯನ್ನು ಬಸಿರಿನ ಮೊದಲ ವಾರಗಳಿಂದಲೇ ಕೊಟ್ಟರೆ ಇದು ಅರ್ಧಕ್ಕಿಂತ ಕೆಳಗಿಳಿಯುತ್ತದೆ ಎಂದು 2020ರಲ್ಲಿ ಪ್ರಕಟವಾದ ಅಧ್ಯಯನ ಹೇಳಿದೆ. ಅಂಥ ತಾಯಂದಿರು ಬಸಿರು ನಿಂತ ಕೂಡಲೇ ವೈದ್ಯರಿಗೆ ಹಳೆಯ ಕಾಗದಪತ್ರ ತೋರಿಸಬೇಕು.